ಹಸಿರಲ್ಲೇ ನಿಂತ ಫಲಕ: ಹೋಸ್ಟಿಂಗ್ ಕಂಪನಿ ತನ್ನ ಜಾಲತಾಣವನ್ನು ಎಲ್ಲಿಡಬೇಕು?

2017ರ ಫೆಬ್ರುವರಿ 28, ಮಂಗಳವಾರ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ 9:37, ಬೆಂಗಳೂರಿನಲ್ಲಿ ರಾತ್ರಿ 11:07. ಬೇರೆ ಕಂಪನಿಗಳಿಗೆ ಸರ್ವರ್, ಶೇಖರಣೆ ಬಾಡಿಗೆಗೆ ಕೊಡುವ ಅಮೆಜಾನ್ ವೆಬ್ ಸರ್ವೀಸಸ್‌ನ ಎಸ್3 ಶೇಖರಣಾ ಸೇವೆಯಲ್ಲಿ ಬಿಲ್ಲಿಂಗ್ ಭಾಗ ನಿಧಾನವಾಗಿತ್ತು. ಅದನ್ನು ಸರಿಪಡಿಸುತ್ತಿದ್ದ ತಂಡದ ಸಿಬ್ಬಂದಿಯೊಬ್ಬರು ಕೆಲವೇ ಸರ್ವರ್‌ಗಳನ್ನು ಕೆಲಸದಿಂದ ಇಳಿಸುವ ಕಮಾಂಡ್ ಕೊಟ್ಟರು. ಕಮಾಂಡ್ ರೂಢಿಯದೇ, ಅದನ್ನು ಕೊಡುವ ಅಧಿಕಾರವೂ ಅವರಿಗಿತ್ತು. ಅದರೊಳಗೆ ತುಂಬಿದ ಒಂದು ಮೌಲ್ಯ ಮಾತ್ರ ತಪ್ಪಾಗಿತ್ತು. ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ಸರ್ವರ್‌ಗಳು ಇಳಿದುಹೋದವು.

ಹಾಗೆ ಇಳಿದವುಗಳ ಮೇಲೆ ಇನ್ನೆರಡು ಭಾಗಗಳು ನಿಂತಿದ್ದವು. ಒಂದು ಇಂಡೆಕ್ಸ್: ಅಮೆಜಾನ್‌ನ ಉತ್ತರ ವರ್ಜೀನಿಯಾ ವಲಯದಲ್ಲಿ, ಅಂದರೆ ಅಲ್ಲಿನ ಡೇಟಾಸೆಂಟರ್‌ಗಳ ಗುಂಪಿನಲ್ಲಿ, ಯಾವ ಕಡತ ಎಲ್ಲಿದೆ ಎಂಬ ಲೆಕ್ಕ ಇಡುವುದು ಅದರ ಕೆಲಸ. ಇನ್ನೊಂದು ಪ್ಲೇಸ್‌ಮೆಂಟ್: ಹೊಸ ಕಡತಕ್ಕೆ ಜಾಗ ಗೊತ್ತುಮಾಡುವುದು ಅದರ ಕೆಲಸ, ಮತ್ತು ಅದಕ್ಕೆ ಇಂಡೆಕ್ಸ್ ಬೇಕು. ಎರಡನ್ನೂ ಮೊದಲಿನಿಂದ ಚಾಲೂ ಮಾಡಬೇಕಾಯಿತು. ದೊಡ್ಡ ವಲಯಗಳಲ್ಲಿ ಈ ಕೆಲಸವನ್ನು ಎಷ್ಟೋ ವರ್ಷಗಳಿಂದ ಯಾರೂ ಮಾಡಿರಲಿಲ್ಲ. ಅಷ್ಟು ವರ್ಷಗಳಲ್ಲಿ ಎಸ್3 ಅಗಾಧವಾಗಿ ಬೆಳೆದಿದ್ದರಿಂದ ದತ್ತಾಂಶ ಸರಿಯಿದೆಯೇ ಎಂಬ ತಪಾಸಣೆಯೇ ನಿರೀಕ್ಷೆಗಿಂತ ಹೆಚ್ಚು ಹೊತ್ತು ತಿಂದಿತು. ಇಂಡೆಕ್ಸ್ ಪೂರ್ತಿ ಎದ್ದದ್ದು ಪಶ್ಚಿಮ ಕರಾವಳಿಯ ಸಮಯ ಮಧ್ಯಾಹ್ನ 1:18ಕ್ಕೆ, ಪ್ಲೇಸ್‌ಮೆಂಟ್ 1:54ಕ್ಕೆ. ನಮ್ಮಲ್ಲಿ ಆಗ ನಸುಕಿನ 3:24. ಒಟ್ಟು ನಾಲ್ಕು ಗಂಟೆ ಹದಿನೇಳು ನಿಮಿಷ.

ಸರ್ವರ್ ಬೀಳುವುದು ಈ ಉದ್ಯಮದಲ್ಲಿ ಹೊಸದಲ್ಲ. ಈ ಪ್ರಕರಣದಲ್ಲಿ ನಿಂತು ನೋಡಬೇಕಾದದ್ದು ಬೇರೊಂದಿದೆ. ತನ್ನ ಸೇವೆಗಳ ಸ್ಥಿತಿ ತೋರಿಸುವ ಫಲಕವನ್ನು ಅಮೆಜಾನ್ ಸಾರ್ವಜನಿಕವಾಗಿ ಇಟ್ಟಿತ್ತು. ಗ್ರಾಹಕರು ಅದನ್ನು ತೆರೆದರೆ ಪುಟ ಬರುತ್ತಿತ್ತು. ಎಲ್ಲ ಸೇವೆಗಳೂ ಹಸಿರು. ಅತ್ತ ಅವರ ಸೈಟುಗಳು ಸತ್ತಿದ್ದವು, ಇತ್ತ ಫಲಕ ಎಲ್ಲವೂ ಸರಿ ಎನ್ನುತ್ತಿತ್ತು. ಆ ಬಣ್ಣ ಬದಲಿಸುವ ಆಡಳಿತ ಕನ್ಸೋಲ್ ಎಸ್3 ಮೇಲೆಯೇ ಅವಲಂಬಿಸಿತ್ತು. ಬೆಳಿಗ್ಗೆ 11:37ರವರೆಗೆ, ಅಂದರೆ ಸರಿಯಾಗಿ ಎರಡು ಗಂಟೆ, ಒಂದೊಂದು ಸೇವೆಯ ಸ್ಥಿತಿಯನ್ನು ತಿದ್ದಲು ಕಂಪನಿಗೇ ಆಗಲಿಲ್ಲ. ಅಷ್ಟೂ ಹೊತ್ತು ಫಲಕದ ತಲೆಯ ಮೇಲಿನ ಪಟ್ಟಿಯಲ್ಲಿ ಒಂದು ಸಾಲು ಬರಹ ಮತ್ತು ತನ್ನ ಟ್ವಿಟರ್ ಖಾತೆ, ಇವೆರಡರಿಂದಲೇ ಸುದ್ದಿ ಮುಟ್ಟಿಸಿತು. ಈ ವಿವರವನ್ನೆಲ್ಲ ಕಂಪನಿಯೇ ತನ್ನ ವರದಿಯಲ್ಲಿ ಬಿಡಿಸಿ ಬರೆದಿದೆ; ಅದು ಮೆಚ್ಚಬೇಕಾದ ನಡೆ.

ಪುಟ ಎಲ್ಲಿಂದ ಓದಿಸಿಕೊಳ್ಳುತ್ತದೆ ಎನ್ನುವುದು ಒಂದು ಪ್ರಶ್ನೆ. ಅದನ್ನು ತಿದ್ದಲು ಏನೇನು ಬದುಕಿರಬೇಕು ಎನ್ನುವುದು ಬೇರೆಯೇ ಪ್ರಶ್ನೆ. ಗ್ರಾಹಕರ ಜಾಲತಾಣಗಳನ್ನು ತಮ್ಮ ಸರ್ವರ್‌ಗಳಲ್ಲಿ ಇಟ್ಟುಕೊಡುವ ಹೋಸ್ಟಿಂಗ್ ಕಂಪನಿಗಳಲ್ಲಿ ಈ ಚರ್ಚೆ ಬಂದಾಗಲೆಲ್ಲ ಮೊದಲನೆಯದರ ಸುತ್ತಲೇ ಮಾತು ನಡೆಯುತ್ತದೆ: ನಮ್ಮ ಸೈಟು ನಮ್ಮ ಸರ್ವರ್‌ನಲ್ಲೇ ಇರಲೋ, ಇನ್ನೊಬ್ಬರಲ್ಲಿ ಇಡೋಣವೋ? ಕಷ್ಟಕಾಲದಲ್ಲಿ ಕೈಕಟ್ಟಿಹಾಕುವುದು ಎರಡನೆಯದು.

ಈ ಘಟನೆಯ ನಂತರ ಅಮೆಜಾನ್ ಕನ್ಸೋಲನ್ನು ಹಲವು ವಲಯಗಳಲ್ಲಿ ಓಡುವಂತೆ ಬದಲಿಸಿತು. ಸರ್ವರ್ ಇಳಿಸುವ ಸಾಧನಕ್ಕೂ ಕಡಿವಾಣ ಬಿತ್ತು: ಒಮ್ಮೆಗೆ ಹೆಚ್ಚು ಇಳಿಸುವಂತಿಲ್ಲ, ಯಾವ ಭಾಗವೂ ತನ್ನ ಕನಿಷ್ಠ ಸಾಮರ್ಥ್ಯಕ್ಕಿಂತ ಕೆಳಗೆ ಹೋಗುವಂತಿಲ್ಲ. ಅಲ್ಲಿಗೆ ಮುಗಿಯಿತು ಎನಿಸಬಹುದು. ಮುಗಿಯಲಿಲ್ಲ.

2021ರ ಡಿಸೆಂಬರ್ 7ರಂದು ಅದೇ ಉತ್ತರ ವರ್ಜೀನಿಯಾದಲ್ಲಿ, ಕಂಪನಿಯ ಒಳಜಾಲ ಮತ್ತು ಮುಖ್ಯ ಜಾಲದ ನಡುವಿನ ಸಾಧನಗಳು ಸಂಪರ್ಕಗಳ ಪ್ರವಾಹಕ್ಕೆ ಸಿಕ್ಕು ಉಸಿರುಗಟ್ಟಿದವು. ಫಲಕಕ್ಕೆ ಈಗ ಬದಲಿ ವಲಯವಿತ್ತು. ಆದರೆ ಬದಲಿಗೆ ಹಾರಬೇಕಾದ ಸಾಧನವೇ ಆ ದಟ್ಟಣೆಯಲ್ಲಿ ಸಿಕ್ಕಿಬಿದ್ದಿತ್ತು. ಪಶ್ಚಿಮ ಕರಾವಳಿಯ ಸಮಯ ಬೆಳಿಗ್ಗೆ ಏಳೂವರೆಗೆ ತೊಂದರೆ ಶುರುವಾದರೆ ಫಲಕ ತಿದ್ದಲು ಆದದ್ದು 8:22ಕ್ಕೆ. ಅದಕ್ಕಿಂತ ಕೆಟ್ಟದ್ದೆಂದರೆ, ದೂರು ಸ್ವೀಕರಿಸುವ ವ್ಯವಸ್ಥೆಯೂ ಅದೇ ಒಳಜಾಲದ ಮೇಲಿತ್ತು. 7:33ರಿಂದ ಮಧ್ಯಾಹ್ನ 2:25ರವರೆಗೆ ಹೊಸ ಟಿಕೆಟ್ ತೆರೆಯುವುದಕ್ಕೇ ತೊಡಕಾಯಿತು. ಒಳಗಿನ ಮಾನಿಟರಿಂಗ್ ದತ್ತಾಂಶವೂ ಸಿಗದೆ ತಂಡ ಲಾಗ್ ಹಿಡಿದು ಹುಡುಕಬೇಕಾಯಿತು.

ಮೂರನೆಯದು 2025ರ ಅಕ್ಟೋಬರ್ 20, ನಮ್ಮಲ್ಲಿ ನರಕ ಚತುರ್ದಶಿಯ ಮಧ್ಯಾಹ್ನ, ಕಚೇರಿಗಳಲ್ಲಿ ಹಬ್ಬದ ರಜೆ. ಅಮೆಜಾನ್‌ನ ಡೇಟಾಬೇಸ್ ಸೇವೆ ಡೈನಮೋಡಿಬಿಯ ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹೇಳುವ ವ್ಯವಸ್ಥೆ) ನಿರ್ವಹಿಸುವ ಸ್ವಯಂಚಾಲಿತ ವ್ಯವಸ್ಥೆಯ ದೋಷದಿಂದ ಅದೇ ಉತ್ತರ ವರ್ಜೀನಿಯಾ ವಲಯದ ವಿಳಾಸದ ದಾಖಲೆ ಖಾಲಿಯಾಗಿಬಿಟ್ಟಿತು. ದೂರು ಸ್ವೀಕರಿಸುವ ಸಪೋರ್ಟ್ ಸೆಂಟರ್ ಈ ಸಲ ಯೋಜಿಸಿದ್ದಂತೆಯೇ ಬೇರೆ ವಲಯಕ್ಕೆ ಹಾರಿತು. ಆದರೂ ಗ್ರಾಹಕರು ಒಳಗೆ ಹೋಗಲಾಗಲಿಲ್ಲ. ಖಾತೆಯ ವಿವರ ಕೊಡುವ ಉಪವ್ಯವಸ್ಥೆಯೊಂದು ಉತ್ತರವನ್ನೇ ಕೊಡದಿದ್ದರೆ ಅದನ್ನು ದಾಟಿ ಹೋಗುವ ಏರ್ಪಾಡು ಇತ್ತು. ಅದು ಉತ್ತರ ಕೊಡುತ್ತಿತ್ತು, ತಪ್ಪು ಉತ್ತರ. ಸುಮಾರು ಮೂರು ಗಂಟೆ ಟಿಕೆಟ್ ತೆರೆಯುವುದು, ನೋಡುವುದು, ತಿದ್ದುವುದು ಯಾವುದೂ ನಡೆಯಲಿಲ್ಲ.

ಮೂರು ಸಲವೂ ಪುಟದ ಹಿಂದೆ ಕಾಣದೆ ನಿಂತಿದ್ದ ಒಂದೊಂದು ಭಾಗ ಕೈಕೊಟ್ಟಿದೆ: ಮೊದಲು ಬರೆಯುವ ಸಾಧನ, ಆಮೇಲೆ ಬದಲಿಗೆ ಹಾರಿಸುವ ಸಾಧನ, ಕೊನೆಗೆ ಬಾಗಿಲಲ್ಲಿ ಗುರುತು ಕೇಳುವ ಸಾಧನ. ಹತ್ತು ಸರ್ವರ್ ಇರುವ ಸಣ್ಣ ಹೋಸ್ಟಿಂಗ್ ಕಂಪನಿಯಲ್ಲೂ ಈ ಮೂರೂ ಇವೆ. ಅಲ್ಲಿ ಅವು ಬೇರೆ ಹೆಸರಲ್ಲಿ, ಹೆಚ್ಚಾಗಿ ಒಂದೇ ಪೆಟ್ಟಿಗೆಯೊಳಗೆ ಇರುತ್ತವೆ.

ಸಣ್ಣ ಕಂಪನಿಯ ಸಾಮಾನ್ಯ ಚಿತ್ರ ಹೀಗಿರುತ್ತದೆ. ಸರ್ವರ್ ನಿರ್ವಹಣೆಯ ತಂತ್ರಾಂಶ ಸಿಪ್ಯಾನೆಲ್ ಹಾಕಿದ ಮೊದಲ ಸರ್ವರ್‌ನಲ್ಲೇ ಕಂಪನಿಯ ಸೈಟು. ಅದರ ಒಂದು ಫೋಲ್ಡರ್‌ನಲ್ಲಿ ಡಬ್ಲ್ಯುಎಚ್‌ಎಂಸಿಎಸ್, ಅಂದರೆ ಬಿಲ್ಲು, ಟಿಕೆಟ್, ಗ್ರಾಹಕರ ಖಾತೆ ಎಲ್ಲ. ಅದೇ ಸರ್ವರ್‌ನಲ್ಲಿ ಸಪೋರ್ಟ್ ವಿಳಾಸದ ಮೇಲ್. ಡಿಎನ್‌ಎಸ್ ಉತ್ತರ ಕೊಡಲು ಒಂದನೇ ಮತ್ತು ಎರಡನೇ ನೇಮ್‌ಸರ್ವರ್ ಎಂದು ಎರಡು ಹೆಸರು, ಎರಡು ಐಪಿ. ಎರಡೂ ಐಪಿ ಒಂದೇ ಯಂತ್ರದ್ದು. ಸೇವೆಗಳ ಸ್ಥಿತಿ ತೋರಿಸುವ ಸ್ಟೇಟಸ್ ಪೇಜ್ ಇದ್ದರೆ ಅದೇ ಡೊಮೈನ್‌ನ ಸಬ್‌ಡೊಮೈನ್. ಒಂದು ಡಿಸ್ಕ್ ಕಂಟ್ರೋಲರ್ ಹೋದರೆ ಗ್ರಾಹಕರ ಸೈಟುಗಳ ಜೊತೆಗೆ ಕಂಪನಿಯ ಬಾಯಿ, ಕಿವಿ, ಲೆಕ್ಕದ ಪುಸ್ತಕ ಮೂರೂ ಹೋದಂತೆ.

ಇದನ್ನು ಬಿಡಿಸುವಾಗ 'ನಮ್ಮ ಜಾಲತಾಣ' ಎಂಬ ಒಂದು ವಸ್ತುವಿದೆ ಎಂಬ ಕಲ್ಪನೆಯನ್ನು ಮೊದಲು ಬಿಡಬೇಕು. ಯಾವ ಭಾಗ ಯಾವ ಹೊತ್ತಿಗೆ ಬೇಕು ಎಂದು ಕೇಳಿಕೊಂಡರೆ ಜಾಗ ತಾನಾಗಿ ಗೊತ್ತಾಗುತ್ತದೆ.

ಯೋಜನೆಗಳ ಬೆಲೆ, ಪರಿಚಯ, ಸಹಾಯ ಲೇಖನಗಳಿರುವ ಮಾರಾಟದ ಸೈಟು ನಿಮ್ಮದೇ ಸರ್ವರ್‌ನಲ್ಲಿ ಇರಲಿ. ಅದೂ ವಿಶೇಷ ಯಂತ್ರದ ಮೇಲಲ್ಲ, ನೀವು ಮಾರುವ ಪ್ಲಾನ್‌ನಲ್ಲೇ, ಗ್ರಾಹಕರ ನಡುವೆ. ಸರ್ವರ್ ನಿಧಾನವಾದರೆ ಗ್ರಾಹಕರು ಹೇಳುವ ಮೊದಲೇ ನಿಮ್ಮ ತಂಡಕ್ಕೆ ಗೊತ್ತಾಗುತ್ತದೆ. ಕೊಳ್ಳುವವರಲ್ಲಿ ತಿಳಿದವರು ನಿಮ್ಮ ಡೊಮೈನ್‌ನ ಐಪಿ ಯಾರದೆಂದು ನೋಡಿಯೇ ನೋಡುತ್ತಾರೆ. ಅದು ಇನ್ನೊಂದು ಹೋಸ್ಟಿಂಗ್ ಕಂಪನಿಯದಾಗಿದ್ದರೆ ಅವರ ಅನುಮಾನ ನ್ಯಾಯವಾದದ್ದೇ. ಒಂದೆರಡು ಗಂಟೆ ಈ ಸೈಟು ಇಲ್ಲವಾದರೆ ಹೊಸ ಮಾರಾಟ ಕೆಲವು ತಪ್ಪಬಹುದು, ಅಷ್ಟೆ. ಆ ಪುಟಗಳನ್ನು ಸ್ಥಿರ ಎಚ್‌ಟಿಎಂಎಲ್ ಆಗಿ ಮಾಡಿ ಒಂದು ಪ್ರತಿಯನ್ನು ಹೊರಗೆ ಸಿದ್ಧವಾಗಿಟ್ಟು, ಡೊಮೈನ್‌ನ ಐಪಿ ಹೇಳುವ ಎ ದಾಖಲೆಯ ಟಿಟಿಎಲ್ (ಆ ಉತ್ತರವನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡ್ ಇಟ್ಟರೆ ಅದನ್ನೂ ತಪ್ಪಿಸಬಹುದು.

ಡಬ್ಲ್ಯುಎಚ್‌ಎಂಸಿಎಸ್‌ನಂಥ ಬಿಲ್ಲಿಂಗ್ ಪ್ಯಾನೆಲ್ ಹಾಗಲ್ಲ. ಇದನ್ನು ಗ್ರಾಹಕರ ಶೇರ್ಡ್ ಸರ್ವರ್‌ನಲ್ಲಿ ಇಡಲೇಬಾರದು ಎಂದು ಖಂಡಿತವಾಗಿ ಹೇಳುತ್ತೇವೆ. ಎಲ್ಲ ಸರ್ವರ್‌ಗಳ ಎಪಿಐ ಕೀಲಿಗಳು (ದೂರದಿಂದ ಸರ್ವರ್‌ಗೆ ಆಜ್ಞೆ ಕೊಡಲು ಬಿಡುವ ಗುಪ್ತ ಸಂಕೇತಗಳು) ಅದರ ಡೇಟಾಬೇಸ್‌ನಲ್ಲಿವೆ. ಹಳೆಯ ಪ್ಲಗಿನ್ ಇಟ್ಟುಕೊಂಡ ಯಾವನೋ ಗ್ರಾಹಕನ ವರ್ಡ್‌ಪ್ರೆಸ್ ಮೂಲಕ ಒಳನುಗ್ಗಿದವನು ಅದೇ ಯಂತ್ರದಲ್ಲಿ ಈ ಕೀಲಿಗಳಿಗೆ ಒಂದು ಗೋಡೆಯಷ್ಟೇ ದೂರದಲ್ಲಿರುತ್ತಾನೆ. ಯಾವುದೋ ಖಾತೆಯಿಂದ ಸ್ಪ್ಯಾಮ್ ಹೋಗಿ ಐಪಿ ಕಪ್ಪುಪಟ್ಟಿ ಸೇರಿದರೆ ನಿಮ್ಮ ಇನ್‌ವಾಯ್ಸ್‌ಗಳೂ ಸ್ಪ್ಯಾಮ್ ಪೆಟ್ಟಿಗೆಗೇ ಹೋಗುತ್ತವೆ. ಆದ್ದರಿಂದ ಪ್ರತ್ಯೇಕ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್), ಬೇರೆ ಡೇಟಾಸೆಂಟರ್‌ನಲ್ಲಿ, ಸಾಧ್ಯವಾದರೆ ಬೇರೆ ಕಂಪನಿಯಲ್ಲಿ. ಸರ್ವರ್‌ಗಳ ಫೈರ್‌ವಾಲ್‌ನಲ್ಲಿ ಸಿಪ್ಯಾನೆಲ್‌ನ ಆಡಳಿತ ಭಾಗವಾದ ಡಬ್ಲ್ಯುಎಚ್‌ಎಂನ 2087ನೇ ಪೋರ್ಟನ್ನು ಆ ವಿಪಿಎಸ್‌ನ ಐಪಿಗೆ ಮತ್ತು ನಿಮ್ಮ ಆಡಳಿತದ ವಿಪಿಎನ್‌ಗೆ ಮಾತ್ರ ತೆರೆಯಿರಿ.

ಪ್ಯಾನೆಲ್ ಸ್ಥಳಾಂತರದಲ್ಲಿ ಎಡವುವ ಜಾಗಗಳು ಗೊತ್ತಿರುವಂಥವೇ. ಕಾನ್ಫಿಗರೇಷನ್ ಕಡತದಲ್ಲಿರುವ ಎನ್‌ಕ್ರಿಪ್ಷನ್ ಹ್ಯಾಶ್ (ಗುಪ್ತಲಿಪಿ ಬಿಡಿಸುವ ಕೀಲಿ) ಜೊತೆಗೆ ಬರದಿದ್ದರೆ ಡೇಟಾಬೇಸ್ ಪೂರ್ತಿ ಬಂದರೂ ಅದರೊಳಗಿನ ಸರ್ವರ್ ಪಾಸ್‌ವರ್ಡ್‌ಗಳು ಓದಲು ಬರುವುದಿಲ್ಲ. ಆ ಹ್ಯಾಶನ್ನು ಡೇಟಾಬೇಸ್ ಬ್ಯಾಕಪ್ ಇಟ್ಟ ಜಾಗದಲ್ಲೇ ಇಡಬೇಡಿ, ಬೇರೆ ಕಡೆ ಇಡಿ. ಐಪಿ ಅಥವಾ ಫೋಲ್ಡರ್ ಬದಲಾದರೆ ಲೈಸೆನ್ಸ್ ಮರುವಿತರಣೆ ಮಾಡಿಕೊಳ್ಳಬೇಕು. ಅಟ್ಯಾಚ್‌ಮೆಂಟ್, ಡೌನ್‌ಲೋಡ್, ಟೆಂಪ್ಲೇಟ್ ಕ್ಯಾಶ್ ಫೋಲ್ಡರ್‌ಗಳು ವೆಬ್ ರೂಟ್‌ನ ಹೊರಗಿರಲಿ. ಐದು ನಿಮಿಷಕ್ಕೊಮ್ಮೆ ಓಡುವ ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಕೆಲಸ) ಹೊಸ ಯಂತ್ರದಲ್ಲಿ ಶುರುವಾಗುವ ಮೊದಲು ಹಳೆಯದರಲ್ಲಿ ನಿಂತಿರಬೇಕು. ಎರಡೂ ಕಡೆ ಓಡಿದರೆ ಒಂದೇ ತಿಂಗಳಿಗೆ ಎರಡು ಇನ್‌ವಾಯ್ಸ್ ಹೋಗುತ್ತವೆ. ಕಾರ್ಡ್ ವಿವರ ಉಳಿಸಿದ್ದವರಿಗೆ ಹಣವೂ ಎರಡು ಸಲ ಕಡಿತವಾಗಬಹುದು.

ಇನ್ನೊಂದು ಬಲೆ ಬ್ಯಾಕಪ್‌ನಿಂದ ಎಬ್ಬಿಸುವಾಗ ಕಾಣುತ್ತದೆ, ಇದರಲ್ಲಿ ಒಳ್ಳೆಯ ತಂಡಗಳೂ ಬಿದ್ದಾವು. ಹಿಂದಿನ ರಾತ್ರಿಯ ಡೇಟಾಬೇಸ್ ರಿಸ್ಟೋರ್ ಮಾಡಿದಿರಿ ಎನ್ನಿ. ಆ ಹಗಲು ಹಣ ಕಟ್ಟಿದವರ ಇನ್‌ವಾಯ್ಸ್‌ಗಳು ಅದರಲ್ಲಿ ಬಾಕಿ ಎಂದೇ ಇರುತ್ತವೆ. ಕ್ರಾನ್ ಓಡಿದೊಡನೆ ಪ್ಯಾನೆಲ್ ತನ್ನ ನಿಯಮದಂತೆ ಗಡುವು ಮೀರಿದವರ ಸೈಟುಗಳನ್ನು ಸಸ್ಪೆಂಡ್ ಮಾಡುತ್ತ ಹೋಗುತ್ತದೆ. ಈಗಷ್ಟೇ ಅವಘಡದಿಂದ ಎದ್ದ, ಹಣ ಕಟ್ಟಿದ ಗ್ರಾಹಕರ ಸೈಟುಗಳನ್ನೇ! ಆದ್ದರಿಂದ ರಿಸ್ಟೋರ್ ಮಾಡಿದ ಪ್ಯಾನೆಲ್‌ನಲ್ಲಿ ಕ್ರಾನ್ ಬಂದ್ ಆಗಿಯೇ ಇರಬೇಕು. ಪೇಮೆಂಟ್ ಗೇಟ್‌ವೇಯ ಡ್ಯಾಶ್‌ಬೋರ್ಡ್‌ನಿಂದ ಆ ಅವಧಿಯ ಪಾವತಿಗಳ ಪಟ್ಟಿ ಇಳಿಸಿ, ಒಂದೊಂದಾಗಿ ಇನ್‌ವಾಯ್ಸ್‌ಗೆ ಹೊಂದಿಸಿ, ಆಮೇಲೆ ಕ್ರಾನ್ ಚಾಲೂ. ಗಂಟೆಗೊಂದು ಡಂಪ್ (ಡೇಟಾಬೇಸ್‌ನ ಪೂರ್ತಿ ಪ್ರತಿ) ಇದ್ದರೆ ಈ ಕೆಲಸ ಸಣ್ಣದು, ದಿನಕ್ಕೊಂದು ಇದ್ದರೆ ದೊಡ್ಡದು. ಇನ್ನೊಡಿಬಿ ಮಾದರಿಯ ಡೇಟಾಬೇಸ್ ಟೇಬಲ್‌ಗಳಿಗೆ ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆಯೊಂದಿಗೆ ಡಂಪ್ ತೆಗೆದರೆ ಪ್ಯಾನೆಲ್ ನಿಲ್ಲಿಸಬೇಕಾಗಿಲ್ಲ, ಹಾಗಾಗಿ ಗಂಟೆಗೊಮ್ಮೆ ತೆಗೆಯದಿರಲು ಕಾರಣವೇ ಇಲ್ಲ. ಆ ಡಂಪ್ ಬೇರೆ ಆವರಣಕ್ಕೆ ಹೋಗಬೇಕು. 2021ರ ಮಾರ್ಚ್ 10ರ ರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಹೋಸ್ಟಿಂಗ್ ಕಂಪನಿ ಓವಿಎಚ್‌ನ ಒಂದು ಡೇಟಾಸೆಂಟರ್ ಕಟ್ಟಡ ಪೂರ್ತಿ ಸುಟ್ಟುಹೋಗಿ ಪಕ್ಕದ ಕಟ್ಟಡಕ್ಕೂ ಬೆಂಕಿ ತಗುಲಿದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದವರಿಗೆ ಎರಡೂ ಒಟ್ಟಿಗೆ ಹೋದವು.

ಡಿಎನ್‌ಎಸ್ ವಿಷಯದಲ್ಲಿ ಅವಘಡ ಆದ ಮೇಲೆ ಮಾಡುವುದು ಬಹಳ ಕಡಿಮೆ. ಡಾಟ್ ಕಾಮ್ ಹೆಸರುಗಳ ಮೂಲ ಪಟ್ಟಿ ಇಡುವ ರಿಜಿಸ್ಟ್ರಿ ನಿಮ್ಮ ನೇಮ್‌ಸರ್ವರ್ ದಾಖಲೆಗಳಿಗೆ ಕೊಡುವ ಟಿಟಿಎಲ್ 1,72,800 ಸೆಕೆಂಡ್, ಅಂದರೆ ಎರಡು ದಿನ. ಇವತ್ತು ನೇಮ್‌ಸರ್ವರ್ ಬದಲಿಸಿದರೆ ಹಳೆಯದನ್ನು ನೆನಪಿಟ್ಟುಕೊಂಡ ರಿಸಾಲ್ವರ್‌ಗಳು (ಬಳಕೆದಾರರ ಪರವಾಗಿ ವಿಳಾಸ ಹುಡುಕುವ ಸರ್ವರ್‌ಗಳು) ನಾಡಿದ್ದಿನವರೆಗೂ ಸತ್ತ ಯಂತ್ರವನ್ನೇ ಕೇಳಬಹುದು. ಬದಲಿ ನೇಮ್‌ಸರ್ವರ್ ಮೊದಲೇ ಪಟ್ಟಿಯಲ್ಲಿರಬೇಕು: ಬೇರೆ ಊರು, ಬೇರೆ ನೆಟ್‌ವರ್ಕ್, ಬೇರೆ ಕಂಪನಿ. ಸೆಕೆಂಡರಿ ಡಿಎನ್‌ಎಸ್ ಕೊಡುವ ಸೇವೆಯೊಂದನ್ನು ಹಿಡಿದು, ನಿಮ್ಮ ಪ್ರೈಮರಿಯಿಂದ ಜೋನ್ (ಡೊಮೈನ್‌ನ ಎಲ್ಲ ಡಿಎನ್‌ಎಸ್ ದಾಖಲೆಗಳ ಕಟ್ಟು) ವರ್ಗಾವಣೆಗೆ ಅವರ ಐಪಿಗೆ ಮಾತ್ರ ಅನುಮತಿ ಕೊಡಿ. ಟಿಸಿಪಿ 53 ತೆರೆದಿರಬೇಕು, ಯುಡಿಪಿ ಮಾತ್ರ ಸಾಲದು. ಜೋನ್‌ನ ಎಸ್‌ಒಎ ದಾಖಲೆಯಲ್ಲಿ, ಪ್ರೈಮರಿ ಸಿಗದಿದ್ದರೂ ಸೆಕೆಂಡರಿ ಎಷ್ಟು ಹೊತ್ತು ಉತ್ತರಿಸಬೇಕೆಂದು ಹೇಳುವ ಎಕ್ಸ್‌ಪೈರ್ ಮೌಲ್ಯವನ್ನು 12,09,600ಕ್ಕೆ, ಅಂದರೆ ಎರಡು ವಾರಕ್ಕೆ ಇಡಿ. ಯಾರೋ ಅದನ್ನು 3,600 ಎಂದು ಬರೆದಿಟ್ಟಿದ್ದರೆ, ಪ್ರೈಮರಿ ಬಿದ್ದು ಒಂದು ಗಂಟೆಗೆ ಸೆಕೆಂಡರಿಯೂ ಉತ್ತರ ಕೊಡುವುದನ್ನು ನಿಲ್ಲಿಸುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಇಂಟರ್ನೆಟ್ಟಿನಿಂದಲೇ ಮಾಯವಾದದ್ದಕ್ಕೆ ಮೂಲ ಕಾರಣ ಬೆನ್ನೆಲುಬು ಜಾಲ ಕಡಿದದ್ದು. ಆದರೆ ಅದರ ಡಿಎನ್‌ಎಸ್ ಸರ್ವರ್‌ಗಳು ಡೇಟಾಸೆಂಟರ್‌ಗಳ ಸಂಪರ್ಕ ತಪ್ಪಿದೊಡನೆ ತಮ್ಮ ದಾರಿಯನ್ನು ತಾವೇ ಹಿಂತೆಗೆದುಕೊಳ್ಳುವಂತೆ ರೂಪಿತವಾಗಿದ್ದವು. ಯಂತ್ರಗಳು ಬದುಕಿದ್ದವು, ವಿಳಾಸ ಹೇಳುವವರು ಇರಲಿಲ್ಲ. ಸರಿಪಡಿಸಲು ಬೇಕಾದ ಒಳಗಿನ ಸಾಧನಗಳೂ ಅದೇ ಡಿಎನ್‌ಎಸ್ ನಂಬಿದ್ದವು.

ಇನ್ನು ಸ್ಟೇಟಸ್ ಪೇಜ್. ಇದು ಹೊರಗೇ ಇರಬೇಕು, ಈ ವಿಷಯದಲ್ಲಿ ಎರಡು ಮಾತಿಲ್ಲ. ಹೊರಗೆ ಎಂದರೆ ಬೇರೆ ಸರ್ವರ್ ಎಂದಷ್ಟೇ ಅಲ್ಲ. ಮುಖ್ಯ ಡೊಮೈನ್‌ನ ಸಬ್‌ಡೊಮೈನ್ ಮಾಡಿದರೆ ಮುಖ್ಯ ಜೋನ್ ಬಿದ್ದಾಗ ಅದೂ ಬೀಳುತ್ತದೆ. ಆದ್ದರಿಂದ ಪ್ರತ್ಯೇಕ ಡೊಮೈನ್, ಬೇರೆ ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸಿಕೊಡುವ ಕಂಪನಿ), ಬೇರೆ ಡಿಎನ್‌ಎಸ್. ಪುಟದಲ್ಲಿ ಕಾಣುವ ಲೋಗೋ, ಅಕ್ಷರದ ಫಾಂಟ್, ಸ್ಕ್ರಿಪ್ಟ್ ಕಡತ ಯಾವುದೂ ಮುಖ್ಯ ಸೈಟಿನಿಂದ ಬರಬಾರದು. ಬ್ರೌಸರ್‌ನ ನೆಟ್‌ವರ್ಕ್ ಪಟ್ಟಿ ತೆರೆದು ನೋಡಿದರೆ ಇದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ವರ್ಡ್‌ಪ್ರೆಸ್ ಬೇಡ: ದಿನಕ್ಕೆ ಹತ್ತು ಮಂದಿ ನೋಡುವ ಪುಟವನ್ನು ಅವಘಡದ ದಿನ ಎಲ್ಲ ಗ್ರಾಹಕರೂ ನಿಮಿಷಕ್ಕೊಮ್ಮೆ ರಿಫ್ರೆಶ್ ಮಾಡುತ್ತಾರೆ. ಸ್ಥಿರ ಕಡತವಾದರೆ 1 ಜಿಬಿ ಮೆಮೊರಿಯ ಸಣ್ಣ ವಿಪಿಎಸ್ ಕೂಡ ಆ ಹೊರೆ ತಡೆಯುತ್ತದೆ.

ಬರೆಯುವ ದಾರಿಯೇ 2017ರಲ್ಲಿ ಮುರಿದದ್ದು, ಹಾಗಾಗಿ ಅದಕ್ಕೆ ಹೆಚ್ಚು ಗಮನ ಬೇಕು. ಸ್ಟೇಟಸ್ ಪೇಜ್‌ನ ಲಾಗಿನ್ ಕಂಪನಿಯ ಸಿಂಗಲ್ ಸೈನ್‌ಆನ್ (ಎಲ್ಲ ಸಾಧನಗಳಿಗೂ ಒಂದೇ ಲಾಗಿನ್) ಮೂಲಕ ಇದ್ದರೆ, ಆ ಸೈನ್‌ಆನ್ ಎಲ್ಲಿದೆ? ಪಾಸ್‌ವರ್ಡ್ ಇಟ್ಟಿರುವ ವಾಲ್ಟ್ ಎಲ್ಲಿದೆ? ಒಟಿಪಿ ಕಂಪನಿಯ ಮೇಲ್‌ಗೆ ಬರುತ್ತದೆಯೇ? ರಿಜಿಸ್ಟ್ರಾರ್, ಡಿಎನ್‌ಎಸ್, ಡೇಟಾಸೆಂಟರ್ ಖಾತೆಗಳ ಪಾಸ್‌ವರ್ಡ್ ಮರುಹೊಂದಿಕೆಯ ಮೇಲ್ ನಿಮ್ಮದೇ ಡೊಮೈನ್‌ಗೆ ಬರುವಂತಿದ್ದರೆ, ಡೊಮೈನ್ ಬಿದ್ದ ದಿನ ಅದನ್ನು ಎಬ್ಬಿಸುವ ಕೀಲಿ ಬಿದ್ದ ಡೊಮೈನ್‌ನೊಳಗೇ ಇರುತ್ತದೆ. ಆ ಖಾತೆಗಳಿಗೆಲ್ಲ ಬೇರೆ ಕಂಪನಿಯ ಮೇಲ್ ಸೇವೆಯಲ್ಲಿ, ಬೇರೆ ಡೊಮೈನ್‌ನಲ್ಲಿ ಒಂದು ವಿಳಾಸ ಇರಲಿ. ಸಪೋರ್ಟ್ ಮೇಲ್ ಕೂಡ ಹಾಗೆಯೇ. ಕಳುಹಿಸುವ ಸರ್ವರ್‌ಗಳು ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುವುದರಿಂದ ದೂರುಗಳು ಕಳೆದುಹೋಗವು, ನಿಜ. ಆದರೆ ನೀವು ಓದಬೇಕಾದ ಹೊತ್ತಿಗೆ ಅವು ಬೇರೆಯವರ ಸರದಿಯಲ್ಲಿ ಕಾಯುತ್ತಿರುತ್ತವೆ.

ಹೊರಗಿಟ್ಟರೆ ಎಲ್ಲ ಮುಗಿಯಿತೇ? ಇಲ್ಲ. 2025ರ ನವೆಂಬರ್ 18ರಂದು ಸೈಟುಗಳ ಮುಂದೆ ನಿಂತು ಅವುಗಳ ದಟ್ಟಣೆ ಸಾಗಿಸುವ ಕಂಪನಿ ಕ್ಲೌಡ್‌ಫ್ಲೇರ್ ಬಿದ್ದಾಗ ಅದರ ಸ್ಟೇಟಸ್ ಪೇಜ್ ಕೂಡ ಸಿಗದಾಯಿತು. ಆ ಪುಟ ಸಂಪೂರ್ಣ ಹೊರಗಿತ್ತು, ಕ್ಲೌಡ್‌ಫ್ಲೇರ್ ಮೇಲೆ ಅದಕ್ಕೆ ಯಾವ ಅವಲಂಬನೆಯೂ ಇರಲಿಲ್ಲ. ಎರಡೂ ಒಟ್ಟಿಗೆ ಆದದ್ದು ಕಾಕತಾಳೀಯ. ಆದರೆ ಆ ಕಾಕತಾಳೀಯದಿಂದಲೇ ತಂಡದ ಕೆಲವರು ಯಾರೋ ಎರಡರ ಮೇಲೂ ದಾಳಿ ಮಾಡುತ್ತಿರಬಹುದು ಎಂದು ಶಂಕಿಸಿದರು. ನಿಜವಾದ ಕಾರಣ ಬಾಟ್‌ಗಳನ್ನು ಗುರುತಿಸುವ ವ್ಯವಸ್ಥೆಯ ಒಂದು ಕಡತ ಇದ್ದಕ್ಕಿದ್ದಂತೆ ಇಮ್ಮಡಿಯಾಗಿ ಮಿತಿ ಮೀರಿದ್ದು. ಸ್ಟೇಟಸ್ ಪೇಜ್‌ಗೆ ಇನ್ನೊಂದು ದಾರಿ, ಅಂದರೆ ಸಾಮಾಜಿಕ ಜಾಲತಾಣದ ಖಾತೆಯೋ ವಾಟ್ಸ್ಆ್ಯಪ್ ಚಾನೆಲ್ಲೋ ಇರಲಿ. ಅದರ ಹೆಸರನ್ನು ಗ್ರಾಹಕರಿಗೆ ಇನ್‌ವಾಯ್ಸ್‌ನ ಅಡಿಯಲ್ಲೇ ಮುದ್ರಿಸಿ ಕೊಡಿ. ಅವಘಡದ ದಿನ ಅದನ್ನು ಹೇಳಲು ನಿಮಗೆ ಜಾಗ ಇರುವುದಿಲ್ಲ.

ಇಷ್ಟು ಜೋಡಿಸಿದ ಮೇಲೆ ಪರೀಕ್ಷೆ. ಕಾಗದದ ಮೇಲಿನ ಚಿತ್ರ ನೋಡಿ ಸರಿಯಿದೆ ಎನ್ನುವುದು ಸಾಲದು. ಅಮೆಜಾನ್‌ನ ಬದಲಿ ವಲಯವೂ ಚಿತ್ರದಲ್ಲಿ ಸರಿಯಾಗಿಯೇ ಇತ್ತು. ಕೆಲಸ ಕಡಿಮೆ ಇರುವ ಒಂದು ಮಧ್ಯಾಹ್ನ ಒಬ್ಬರ ಲ್ಯಾಪ್‌ಟಾಪ್‌ನ ಫೈರ್‌ವಾಲ್‌ನಲ್ಲಿ ಕಂಪನಿಯ ಎಲ್ಲ ಐಪಿ ವ್ಯಾಪ್ತಿಗಳನ್ನೂ ತಡೆಯಿರಿ. ಕಚೇರಿಯ ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹೋಗಿ, ಏಕೆಂದರೆ ಕಚೇರಿಯ ವಿಪಿಎನ್, ರಿಸಾಲ್ವರ್ ಎರಡೂ ನಿಮ್ಮದೇ ಸರ್ವರ್‌ನಲ್ಲಿ ಓಡುತ್ತಿರಬಹುದು. ಈಗ ಆ ಲ್ಯಾಪ್‌ಟಾಪ್‌ನಿಂದ ಸ್ಟೇಟಸ್ ಪೇಜ್‌ನಲ್ಲಿ ಒಂದು ಸಾಲು ಬರೆಯಲು, ರಿಜಿಸ್ಟ್ರಾರ್ ಖಾತೆಗೆ ಹೊಕ್ಕಲು, ಬಿಲ್ಲಿಂಗ್ ಡೇಟಾಬೇಸ್‌ನ ಹೊಸ ಡಂಪನ್ನು ಇಳಿಸಿಕೊಳ್ಳಲು, ಒಂದು ಟಿಕೆಟ್‌ಗೆ ಉತ್ತರಿಸಲು ಹೇಳಿ. ಎಲ್ಲಿ ತಡೆದು ನಿಂತಿತೋ ಅದೇ ನಿಮ್ಮ ಆಡಳಿತ ಕನ್ಸೋಲ್. ಪ್ಯಾನೆಲ್, ವಾಲ್ಟ್, ಮೇಲ್ ಇವುಗಳಲ್ಲಿ ಯಾವುದು ಬದಲಾದರೂ ಆ ವಾರವೇ ಇದನ್ನು ಮತ್ತೆ ಮಾಡಬೇಕು, ಮತ್ತು ಮೊದಲ ಸಲ ಮಾಡಿದವರನ್ನು ಬಿಟ್ಟು ಬೇರೆಯವರ ಕೈಯಲ್ಲಿ ಮಾಡಿಸಬೇಕು. ಗೊತ್ತಿದ್ದವರ ಬ್ರೌಸರ್‌ನಲ್ಲಿ ಲಾಗಿನ್ ಆಗಲೇ ಉಳಿದಿರುತ್ತದೆ.